ಇಳಿಜಾರಿನ ಎರಡು ಉಸಿರು

ನಮ್ಮ ಮನೆ ಇರುವುದು ಮಾದಿಹಳ್ಳಿಯಿಂದ ಸ್ವಲ್ಪ ದೂರ, ರಸ್ತೆ ಇಳಿದು ಮುಗಿಯುವ ಜಾಗದಲ್ಲಿ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ನನಗೆ ಕಲಿಸಿದ ಮೊದಲ ಪಾಠ ಅಡುಗೆಯದಲ್ಲ, ಕಿವಿಯದು.

ನಮ್ಮನೆಯವರು ಲಾರಿ ಓಡಿಸುತ್ತಿದ್ದರು. ಅರಸೀಕೆರೆಯಲ್ಲಿ ತೆಂಗಿನಕಾಯಿ ತುಂಬಿಕೊಂಡು ಘಟ್ಟ ಇಳಿಯುವ ಮುನ್ನ ಮನೆಗೆ ಬಂದು, ಮಿಂದು, ಉಂಡು ಹೊರಡುವುದು ರೂಢಿ. ಬರುತ್ತೇನೆಂದು ಫೋನ್ ಮಾಡುವ ಪೈಕಿಯವರಲ್ಲ. ತುಂಬಿದ ಗಾಡಿಯನ್ನು ಇಳಿಜಾರಿನಲ್ಲಿ ಬರೀ ಕಾಲಿನ ಬ್ರೇಕಿನಲ್ಲಿ ಹಿಡಿದರೆ ಚಕ್ರದ ಡ್ರಮ್ಮು ಕಾದು, ಕೊನೆಗೆ ಬ್ರೇಕೇ ಹಿಡಿಯುವುದಿಲ್ಲವಂತೆ. ಅದಕ್ಕೇ ಗೇರು ಇಳಿಸಿ ಎಕ್ಸಾಸ್ಟ್ ಬ್ರೇಕು ಹಾಕುತ್ತಿದ್ದರು. ಹೊಗೆ ಹೋಗುವ ದಾರಿ ಮುಚ್ಚಿಕೊಂಡು ಇಂಜಿನ್ನೇ ಗಾಡಿಯನ್ನು ಹಿಡಿದು ಜಗ್ಗುತ್ತದೆ. ಆಗಿನ ಸದ್ದು, ನೊಗ ಕಳಚಿದ ಎತ್ತು ಉಸಿರು ಬಿಟ್ಟ ಹಾಗೆ.

ಒಂದು ದಿನ ಆ ಸದ್ದು ಕೇಳಿದ್ದೇ ತಡ, ಬಚ್ಚಲೊಲೆಗೆ ತೆಂಗಿನ ಮಟ್ಟೆ ತುರುಕಿದೆ. ಅತ್ತೆ ರಾಗಿ ಕೇರುತ್ತ ಕೂತಿದ್ದರು.

“ಯಾರಿಗವ್ವ ನೀರು?”

“ಬಂದ್ರಲ್ಲ ಅತ್ತೆ.”

“ಅದು ಯಾರ್ದೋ ಗಾಡಿ. ನನ್ನ ಮಗ ಎರಡು ಸಲ ಉಸಿರು ಬಿಡ್ತಾನೆ ಕಣೇ. ತಿರುವ್ನಾಗೆ ಒಂದು, ಮೋರಿತಾವ ಒಂದು. ಕಟ್ಕೊಂಡವನ ಗುರುತು ಇಲ್ವಾ ನಿಂಗೆ?”

ಲಾರಿ ನಿಲ್ಲದೆ ಹೋಯಿತು. ಕಾದ ನೀರು ದಂಡವಾಗಬಾರದೆಂದು ಅತ್ತೆಯೇ ಮಿಂದು ಬಂದರು. “ಯಾವ ಡ್ರೈವರಪ್ಪನ ಪುಣ್ಯವೋ” ಎಂದು ದಿನವಿಡೀ ನನ್ನನ್ನು ರೇಗಿಸಿದರು.

ಆಮೇಲೆ ನನ್ನ ಕಿವಿ ತಪ್ಪಲಿಲ್ಲ. ಎರಡನೆಯ ಉಸಿರು ಕೇಳಿದ ಮೇಲೇ ಒಲೆಗೆ ಬೆಂಕಿ. ಅವರು ಗಾಡಿ ನಿಲ್ಲಿಸಿ, ಒಂದೊಂದೇ ಟೈರು ತಟ್ಟಿ ನೋಡಿ, ಹಗ್ಗ ಬಿಗಿದು ಒಳಗೆ ಬರುವ ಹೊತ್ತಿಗೆ ನೀರು ಹದವಾಗಿರುತ್ತಿತ್ತು.

ಹೋದ ವರ್ಷ ಅವರ ಸೊಂಟ ಕೈಕೊಟ್ಟಿತು. ಸ್ಟೀರಿಂಗ್ ಹಿಡಿಯಬೇಡಿ ಎಂದರು ಡಾಕ್ಟರು. ಲಾರಿಯನ್ನು ಗಂಡಸಿ ಊರಿನವರೊಬ್ಬರಿಗೆ ಮಾರಿದೆವು. ಈಗ ಅವರು ದಿನವಿಡೀ ಮನೆಯಲ್ಲಿ. ಹಸುವಿಗೆ ಹುಲ್ಲು ಹಾಕುತ್ತಾರೆ, ಡೇರಿಗೆ ಹಾಲು ಕೊಟ್ಟು ಬರುತ್ತಾರೆ. ಮನುಷ್ಯ ಕಣ್ಣೆದುರಿಗೇ ಇದ್ದಾರೆ, ಬರುವುದು ಮಾತ್ರ ಇಲ್ಲ. ನನ್ನ ಕಿವಿ ಆ ಬರುವುದನ್ನೇ ಬೇಡುತ್ತಿತ್ತು. ಗಂಡ ಪಕ್ಕದಲ್ಲಿ ಕೂತಿರುವಾಗ ಗಂಡನಿಗಾಗಿ ಕಾಯುತ್ತಿದ್ದೇನೆಂದು ಯಾರ ಹತ್ತಿರ ಹೇಳಿಕೊಳ್ಳುವುದು?

ಆ ಲಾರಿ ಈಗಲೂ ಇದೇ ರಸ್ತೆಯಲ್ಲಿ ಕಾಯಿ ಹೊತ್ತು ಇಳಿಯುತ್ತದೆ. ಆದರೆ ಉಸಿರಿಲ್ಲ, ಬ್ರೇಕು ಕಿರುಗುಟ್ಟುವ ಸದ್ದು, ಹಿಂದೆಯೇ ಸುಟ್ಟ ವಾಸನೆ. ಇವರು ಉಣ್ಣುತ್ತಿದ್ದರೆ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. “ಕಾಲಲ್ಲೇ ಹಿಡ್ದವ್ನೆ” ಎಂದಷ್ಟೇ ಗೊಣಗುತ್ತಿದ್ದರು.

ಮೊನ್ನೆ ಬೆಳಿಗ್ಗೆ ಅದು ನಮ್ಮ ಮನೆಯ ಮುಂದೆಯೇ ನಿಂತಿತು. ಚಕ್ರಗಳಿಂದ ಹೊಗೆ. ಕೊಂಡುಕೊಂಡವರೇ ಓಡಿಸುತ್ತಿದ್ದರು, ಇಳಿದ ಕೂಡಲೇ ನಮ್ಮ ತೊಟ್ಟಿಯಿಂದ ಬಿಂದಿಗೆ ನೀರು ಎತ್ತಿದರು.

“ತಣ್ಣೀರು ಹುಯ್ಬೇಡ ಕಣಪ್ಪ, ಡ್ರಮ್ಮು ಬಿರೀತದೆ” ಎಂದರು ನಮ್ಮನೆಯವರು. “ಕೂತ್ಕೊ, ತಾನೇ ಆರ್ಲಿ. ಎಕ್ಸಾಸ್ಟು ಯಾಕೆ ಹಾಕಲ್ಲ?”

“ಹಾಕಿದ್ರೆ ಇಂಜಿನ್ ಅದುರ್ತದೆ ಅಣ್ಣ. ಎಲ್ಲಿ ಕೆಟ್ಟೋಗ್ತದೋ ಅಂತ ಭಯ.”

“ಅದುರೋದಲ್ಲ, ಹಿಡಿಯೋದು ಅದು. ಹತ್ತು, ತೋರಿಸ್ತೀನಿ.”

ಟೀ ಆಯಿತು, ಚಕ್ರ ಆರಿತು. ಇವರು ಡ್ರೈವರ್ ಬಾಗಿಲ ಕಡೆಗೇ ನಡೆದರು.

“ಡಾಕ್ಟ್ರು ಬೇಡ ಅಂದವ್ರೆ ಕಣ್ರೀ.”

“ಒಂದು ಸಲ ಕಣೇ” ಎಂದರು, ನನ್ನ ಮುಖ ನೋಡದೆ.

ಗಾಡಿ ತಿರುಗಿಸಿಕೊಂಡು ಏರು ಹತ್ತಿದರು. ನಾನು ಪಾತ್ರೆ ಉಜ್ಜುತ್ತ ಕೂತೆ. ಬಹಳ ಹೊತ್ತಾದ ಮೇಲೆ ತಿರುವಿನಲ್ಲಿ ಒಂದು ಉಸಿರು ಕೇಳಿತು. ಕೈ ನಿಂತಿತು. ಮೋರಿಯ ಹತ್ತಿರ ಇನ್ನೊಂದು.

ಜಗಲಿಯಿಂದ ಅತ್ತೆ ಅಂದರು: “ಬಂದ ಕಣೇ. ನೀರಿಡು.”

ಅವರು ಬೆಳಿಗ್ಗೆಯೇ ಮಿಂದಿದ್ದರೂ ಒಲೆಗೆ ಮಟ್ಟೆ ತುಂಬಿದೆ. ಹೊರಗೆ ಒಂದೊಂದೇ ಟೈರು ತಟ್ಟುವ ಸದ್ದಾಯಿತು. ಗಾಡಿ ಅವರದಲ್ಲ ಎಂಬುದು ಆ ಕೈಗೆ ಮರೆತುಹೋಗಿತ್ತೇನೋ. ಲಾರಿ ಹೊರಟುಹೋದ ಮೇಲೆ ಸೊಂಟ ಹಿಡಿದುಕೊಂಡು ಒಳಗೆ ಬಂದರು, ಟವೆಲ್ ಹೆಗಲಿಗೆ ಹಾಕಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತರು.

“ಕಾದೈತಾ?”

“ಇನ್ನೊಂಚೂರು ತಡೀರಿ” ಎಂದೆ.