ರಾವಂದೂರಿನಲ್ಲಿ ಬೇರೆಯವರ ಊಟ ಉಂಡೆವು

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಸೀಮೆಎಣ್ಣೆಗೂ ಅಕ್ಕಿಗೂ ಅಳತೆ ಬಂದಿತ್ತು. ಅಕ್ಕಿಯ ತಾಪತ್ರಯದಿಂದಲೇ ನನ್ನ ಮದುವೆಯನ್ನು ಚಿಕ್ಕದಾಗಿ ಮುಗಿಸಿದ್ದರು, ದೂರದ ನೆಂಟರನ್ನು ಕರೆದಿರಲಿಲ್ಲ. ಆ ಸಿಟ್ಟು ಒಬ್ಬೊಬ್ಬರ ಬಾಯಿಂದ ನಮ್ಮತ್ತೆಯ ಕಿವಿಗೆ ಬೀಳತೊಡಗಿತು. ಮದುವೆಯಾಗಿ ಮೂರು ತಿಂಗಳಿಗೆ, ಯುಗಾದಿ ಕಳೆದು ಕೆಲಸ ಬಿಡುವಾದ ಕೂಡಲೇ ಅತ್ತೆ ಮಗನಿಗೆ ಅಪ್ಪಣೆ ಮಾಡಿದರು: "ಗಾಡಿ ಕಟ್ಕೊಂಡು ಓಗ್ಲಾ. ಎಲ್ರ ಮನೆಗೂ ಓಗಿ ಇವಳ ಮೊಕ ತೋರಿಸ್ಕೊಂಡು ಬಾ. ಇಲ್ದಿದ್ರೆ ನಾಳೆ ನಾನು ಸತ್ರೂ ಒಬ್ರೂ ಈ ಕಡೆ ತಲೆ ಆಕಾಕಿಲ್ಲ."

ನಮ್ಮೂರು ಕೃಷ್ಣರಾಜನಗರದ ಹತ್ತಿರ. ಅಲ್ಲಿಂದ ಚುಂಚನಕಟ್ಟೆಯಲ್ಲಿ ನಾದಿನಿಯ ಮನೆ, ರಾವಂದೂರಿನಲ್ಲಿ ಅತ್ತೆಯ ಅಕ್ಕನ ಮನೆ, ಪಿರಿಯಾಪಟ್ಟಣದಲ್ಲಿ ಸೋದರಮಾವ, ಹುಣಸೂರಿನಲ್ಲಿ ನಮ್ಮವರ ಬಾಲ್ಯದ ಗೆಳೆಯ ಖಾಸಿಂ, ಕೊನೆಗೆ ಹೆಗ್ಗಡದೇವನಕೋಟೆಯಲ್ಲಿ ನನ್ನ ಚಿಕ್ಕಮ್ಮ. ಎಲ್ಲ ಸುತ್ತಿ ಬರಲು ಹತ್ತು ಹನ್ನೆರಡು ದಿನ ಬೇಕು. ಹುಟ್ಟಿದೂರು, ಕೊಟ್ಟೂರು ಬಿಟ್ಟು ಮೂರನೆಯ ಊರು ಕಾಣದ ನನಗೆ ಲೋಕ ಸುತ್ತಲು ಹೊರಟ ಸಂಭ್ರಮ. ಆ ಕೆರೆ ಯಾವುದು, ಈ ಮರ ಯಾವುದು, ಈ ಊರಿನವರು ಏನು ಬೆಳೆಯುತ್ತಾರೆ ಎಂದು ಗಾಡಿಯಲ್ಲಿ ಕುಳಿತು ಕೇಳಿದ್ದೇ ಕೇಳಿದ್ದು. ನಮ್ಮವರು "ಊಂ" ಎನ್ನುವುದಕ್ಕೂ ಯೋಚಿಸುವವರು. ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ದಾರಿ ಕೇಳುವುದೆಂದರೆ ಅವರಿಗೆ ಪ್ರಾಣಸಂಕಟ. ಒಂದು ಕವಲಿನಲ್ಲಿ ದಾರಿ ತಿಳಿಯದೆ ಅರ್ಧ ಗಂಟೆ ಸುಮ್ಮನೆ ನಿಂತಿದ್ದರು, ಕೊನೆಗೆ ನಾನೇ ಸೌದೆ ಹೊತ್ತು ಬರುತ್ತಿದ್ದ ಹೆಂಗಸನ್ನು ಕೂಗಿ ಕೇಳಿದೆ.

ಚುಂಚನಕಟ್ಟೆಯಲ್ಲಿ ಎರಡು ದಿನ ಇದ್ದು ರಾವಂದೂರಿಗೆ ಬಂದಾಗ ಹೊತ್ತು ಇನ್ನೂ ಏರುತ್ತಿತ್ತು. ಊರ ಮುಂದಿನ ಅರಳಿಕಟ್ಟೆಯ ಹತ್ತಿರ ಬಿಳೀ ಪೇಟದ ಒಬ್ಬರು ನಿಂತಿದ್ದರು. ಗಾಡಿ ಕಂಡದ್ದೇ ತಡ, ಓಡಿ ಬಂದು ಎತ್ತಿನ ಹಗ್ಗ ಹಿಡಿದರು.

"ಬನ್ನಿ, ಬನ್ನಿ! ಒತ್ತಾರೆಯಿಂದ ನಿಮ್ಮ ದಾರಿನೇ ನೋಡ್ತಾ ಇವ್ನಿ."

ನಮ್ಮವರ ಮುಖ ಅರಳಿತು. ನಾವು ಬರುವ ಸುದ್ದಿಯನ್ನು ಅತ್ತೆ ಮೊದಲೇ ಮುಟ್ಟಿಸಿದ್ದರು. ದೊಡ್ಡಮ್ಮನೇ ಯಾರನ್ನೋ ಕಳಿಸಿದ್ದಾರೆ, ದಾರಿ ಕೇಳುವ ಗಂಡಾಂತರ ತಪ್ಪಿತು ಎಂದು ಅವರಿಗೆ ನೆಮ್ಮದಿ. ದೊಡ್ಡಮ್ಮನನ್ನು ಅವರು ನೋಡಿದ್ದು ಏಳೆಂಟು ವರ್ಷದ ಹುಡುಗನಾಗಿದ್ದಾಗ. ಮನೆ ಬಾಗಿಲಲ್ಲಿ ಒಬ್ಬ ಮುದುಕಿ ಕಾಲಿಗೆ ನೀರು ಕೊಟ್ಟಳು. ನಮ್ಮವರು ಹಿಂದೆ ಮುಂದೆ ನೋಡದೆ ಅವಳ ಕಾಲಿಗೆ ಬಿದ್ದರು. ನಾನೂ ಬಿದ್ದೆ. ಮುದುಕಿ ಬೆರಗಾಗಿ, "ನಿಮ್ಮಂತೋರು ಕಾಲ್ ಮುಟ್ಬೋದಾ?" ಎಂದು ಹಿಂದೆ ಸರಿದಳು. ಪೇಟದವರು ಅವಳ ಮಗ, ಹೆಸರು ಮಾದೇಗೌಡರು.

ನಮ್ಮ ಕಡೆ ಬಾಗಿಲಿಗೆ ಬಂದವರನ್ನು "ನೀವು ಯಾರು, ಯಾವೂರು" ಎಂದು ಕೇಳುವುದಿಲ್ಲ. ನೀರು ಕೊಟ್ಟು, ಕೂರಿಸಿ, ಅವರಾಗಿ ಹೇಳಿದರೆ ಕೇಳಿಸಿಕೊಳ್ಳಬೇಕು. ಬಂದವರೂ ಅಷ್ಟೇ, ನೆಂಟರ ಮನೆಗೆ ಬಂದು "ನೀವು ಯಾರು" ಎನ್ನುವುದುಂಟೇ? ಹಾಗಾಗಿ ಅವರು ಕೇಳಲಿಲ್ಲ, ನಾವೂ ಕೇಳಲಿಲ್ಲ.

ಆದರೆ ನನ್ನ ತಲೆಯಲ್ಲಿ ಹುಳ ಓಡಾಡತೊಡಗಿತು. ನಮ್ಮವರನ್ನು ಮಾದೇಗೌಡರು ಗದ್ದೆ ಎಷ್ಟು, ಎತ್ತು ಎಷ್ಟು ಜೊತೆ ಎಂದು ಕೇಳುತ್ತಿದ್ದರು. ಸ್ವಂತ ದೊಡ್ಡಮ್ಮನ ಮನೆಯವರಿಗೆ ಇಷ್ಟೂ ಗೊತ್ತಿಲ್ಲವೇ? ಮುದುಕಿ ನನ್ನ ಪಕ್ಕ ಕುಳಿತು, "ನಿಮ್ಮತ್ತೆ ಬಾಯಿ ಎಂಗೆ, ಜೋರಾ?" ಎಂದಳು. ತಂಗಿಯ ಬಾಯಿ ಅಕ್ಕನಿಗೆ ತಿಳಿಯದೇ? ಆಮೇಲೆ ಹದಿನೇಳು ಹದಿನೆಂಟರ ಹುಡುಗಿಯೊಬ್ಬಳು ಹೂ ಮುಡಿದು, ತಲೆ ತಗ್ಗಿಸಿ, ಎಲೆ ಅಡಿಕೆ ತಟ್ಟೆ ತಂದು ನಮ್ಮ ಮುಂದೆ ಕುಳಿತಳು. "ನಮ್ಮ ನಿಂಗಿ. ಏನಾರ ಕೇಳೋದಿದ್ರೆ ಕೇಳವ್ವ" ಎಂದಳು ಮುದುಕಿ. ಮಾದೇಗೌಡರಿಗೆ ಬೆಳೆದ ಮಗಳಿದ್ದಾಳೆ, ಎಲ್ಲಾದರೂ ಗಂಡು ಹುಡುಕಿ ಎಂದು ನೆಂಟರಿಗೆ ತೋರಿಸುತ್ತಿದ್ದಾರೆ ಎಂದುಕೊಂಡೆ. ಕೇಳು ಎಂದರೆ ನಾನು ಬಿಡುತ್ತೇನೆಯೇ? ಎಮ್ಮೆ ಹಾಲು ಕರೆಯಲು ಬರುತ್ತದೆಯೇ, ಓದು ಬರುತ್ತದೆಯೇ, ಯಾವ ಹೂ ಇಷ್ಟ, ಯಾವುದಕ್ಕೆ ನಗು ಬರುತ್ತದೆ ಎಂದೆಲ್ಲ ಕೇಳಿದೆ. ಕೊನೆಯದಕ್ಕೆ ಅವಳಿಗೆ ನಗುವೇ ಬಂತು. ನನಗೆ ಆ ಹುಡುಗಿ ಬಹಳ ಹಿಡಿಸಿದಳು.

ಸ್ವಲ್ಪ ಹೊತ್ತಿಗೆ ಮಾದೇಗೌಡರು ಗಂಟಲು ಸರಿಮಾಡಿಕೊಂಡು, "ಎಲೆ ಆಕಿಸ್ಬೋದಾ?" ಎಂದರು. ನಮ್ಮವರು ಹಸಿದಿದ್ದರು, "ಆಕ್ಸಿ, ಆಕ್ಸಿ" ಎಂದರು. ಅಷ್ಟಕ್ಕೇ ಆ ಮನುಷ್ಯ ಪೇಟದ ತುದಿಯಿಂದ ಕಣ್ಣೊರೆಸಿಕೊಂಡರು! ಊಟಕ್ಕೆ ಬರುತ್ತೇವೆ ಎಂದರೆ ಅಳುವವರನ್ನು ನಾನು ಕಂಡಿರಲಿಲ್ಲ. ಅಡಿಗೆಮನೆಯಲ್ಲಿ ಹೆಂಗಸರು ಗುಸುಗುಸು ಎನ್ನುತ್ತಿದ್ದರು. ಒಬ್ಬಟ್ಟಿನ ಮೇಲೆ ತುಪ್ಪ ಹರಿಯಿತು. ನಮ್ಮವರು ನಾಲ್ಕು ತಿಂದರು, ನಾನು ನಾಚಿಕೆ ಬಿಟ್ಟು ಮೂರು ತಿಂದೆ.

ಕೈ ತೊಳೆಯಲು ಹಿತ್ತಲಿಗೆ ಹೋದೆ. ನಿಂಗಿ ನೀರು ಹಾಕುತ್ತಾ, ಸುತ್ತ ಯಾರೂ ಇಲ್ಲವೆಂದು ನೋಡಿ, ನನ್ನ ಕೈ ಹಿಡಿದುಕೊಂಡಳು.

"ಅಕ್ಕ, ನೀವು ಒಳ್ಳೇರು ಅಂತ ಕೇಳ್ತಾ ಇವ್ನಿ. ನಿಮ್ಮ ಮೈದ್ನ ಕುಡೀತಾರಾ? ಎಂಡ್ರಿಗೆ ಒಡೆಯೋ ಅಂತೋರಾ? ನಿಜ ಏಳಿ. ನಿಮ್ಗೆ ಒಬ್ಬಟ್ಟು ಬಡಿಸುದ್ಲಲ್ಲ, ಅವ್ಳು ನಮ್ಮಕ್ಕ. ಕೊಟ್ಟ ಮನೇಲಿ ಏಟು ತಿಂದು ತಿಂದು ವಾಪಸ್ ಬಂದವ್ಳೆ. ಅವಳ್ನ ಕೊಡೋವಾಗ ಗದ್ದೆ ಎಷ್ಟು ಅಂತ ಕೇಳುದ್ರು, ಇದನ್ನ ಯಾರೂ ಕೇಳ್ನಿಲ್ಲ."

"ನಂಗೆ ಮೈದ್ನನೇ ಇಲ್ಲ ಕಣೇ" ಎಂದೆ.

ಅಷ್ಟರಲ್ಲಿ ಹಜಾರದಲ್ಲಿ ಗದ್ದಲವೆದ್ದಿತು. ಪಕ್ಕದ ಮನೆಯವನು ಓಡಿ ಬಂದಿದ್ದ. ಹೆಣ್ಣು ನೋಡುವವರ ಗಾಡಿ ಅರಳಿಕಟ್ಟೆಗೆ ಬಂದಿತ್ತಂತೆ. ಯಾರೋ ಬೇರೆಯವರು ಆಗಲೇ ಹೆಣ್ಣು ನೋಡಿ, ಒಪ್ಪಿ, ಉಣ್ಣುತ್ತಿದ್ದಾರೆ ಎಂದು ಕೇಳಿ ಗಾಡಿ ತಿರುಗಿಸಿಕೊಂಡು ಪಿರಿಯಾಪಟ್ಟಣದ ಕಡೆ ಹೋದರಂತೆ.

ಆಗ ಎಲ್ಲ ತಿಳಿಯಿತು. ಅವರು ನಮ್ಮನ್ನು ಗಂಡಿನ ಅಣ್ಣ ಅತ್ತಿಗೆ ಎಂದುಕೊಂಡಿದ್ದರು. ಹೆಣ್ಣು ನೋಡಲು ಬಂದವರು ಒಪ್ಪಿಗೆಯಾಗದೆ ಆ ಮನೆಯಲ್ಲಿ ಅನ್ನ ಉಣ್ಣುವುದಿಲ್ಲ. ಉಂಡರೆ ಒಪ್ಪಿದಂತೆ. ನಾವು ಒಬ್ಬಟ್ಟು ತಿಂದು ಇಲ್ಲದ ಮೈದುನನಿಗೆ ಹೆಣ್ಣು ಗೊತ್ತುಮಾಡಿದ್ದೆವು! ನಮ್ಮ ದೊಡ್ಡಮ್ಮನ ಮನೆ ಎರಡು ಬೀದಿ ಆಚೆ ಇತ್ತು. ಮುದುಕಿ ತಲೆಯ ಮೇಲೆ ಕೈ ಹೊತ್ತು, "ದೊಡ್ಡವಳು ವಾಪಸ್ ಬಂದವ್ಳೆ ಅಂತ ಎರಡು ವರ್ಸದಿಂದ ಈ ಬಾಗ್ಲಿಗೆ ಯಾರೂ ಬಂದಿರ್ನಿಲ್ಲ. ಬಂದೋರೂ ಓದ್ರಲ್ಲಪ್ಪಾ" ಎಂದು ಅತ್ತಳು. ಆದರೆ ಒಬ್ಬರೂ ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು, ನಾಚಿಕೆಯಿಂದ ಸತ್ತೇ ಹೋಗುವಂತಾಗಿತ್ತು ನನಗೆ.

"ಗಾಡಿ ಕಟ್ಟಿ. ಅವ್ರನ್ನ ಇಡೀವಾ" ಎಂದೆ ನಮ್ಮವರಿಗೆ. ಅತ್ತೆಯ ಮನೆಯಲ್ಲಿ ಅಷ್ಟು ಗಟ್ಟಿಯಾಗಿ ಎಂದೂ ಮಾತಾಡಿದವಳಲ್ಲ. ಅವರು ಕೂಡಲೇ ಗಾಡಿ ಕಟ್ಟಿದರು. ಮಾದೇಗೌಡರೂ ಹತ್ತಿದರು.

ಎರಡು ಮೈಲಿ ಆಚೆ ಒಂದು ಕೆರೆ ಏರಿಯ ಮೇಲೆ ಆ ಗಾಡಿ ನಿಂತಿತ್ತು. ಎತ್ತುಗಳಿಗೆ ನೀರು ಕುಡಿಸುತ್ತಿದ್ದರು. ಗಂಡಿನ ತಾಯಿ, ಆಕೆಯ ಅಣ್ಣ, ಇಬ್ಬರೇ. ಮಾದೇಗೌಡರನ್ನು ಕಂಡ ಕೂಡಲೇ ಅಣ್ಣ ರೇಗಿದ.

"ನಮ್ಗೆ ಬನ್ನಿ ಅಂದು ಇನ್ನೊಬ್ರಿಗೆ ಎಲೆ ಆಕ್ತೀರಾ? ನಮ್ಮನ್ನ ಏನಂತ ತಿಳ್ಕೊಂಡಿದ್ದೀರಿ?"

ಮಾತಾಡಿದ್ದು ನಮ್ಮವರು. ದಾರಿ ಕೇಳಲಾರದ ಮನುಷ್ಯ ಗಾಡಿಯಿಂದ ಇಳಿದು ಕೈಮುಗಿದರು. "ಅವ್ರದ್ದು ಏನೂ ತಪ್ಪಿಲ್ಲ ಕಣಣ್ಣ. ತಪ್ಪು ನಂದು. ನಮ್ಮ ದೊಡ್ಡಮ್ಮನ ಮನೆ ಅಂದ್ಕೊಂಡು ಓದೆ, ಒಂದು ಮಾತು ಕೇಳ್ನಿಲ್ಲ. ನಿಮ್ಮ ಊಟ ನಾನು ಉಂಡಿವ್ನಿ. ಬೈಯಂಗಿದ್ರೆ ನನ್ನ ಬೈರಿ, ಆ ಮನೆ ಬಾಗ್ಲು ಬುಟ್ಟು ಓಗ್ಬ್ಯಾಡಿ."

ಅಣ್ಣನ ಕೋಪ ಇಳಿಯಲಿಲ್ಲ. ಆದರೆ ತಾಯಿ ನನ್ನನ್ನೇ ನೋಡುತ್ತಿದ್ದಳು. "ನೀನು ಆ ಉಡುಗೀನ ನೋಡಿದ್ಯಾ ಮಗ? ಎಂಗವ್ಳೆ?" ಎಂದಳು.

"ಚಿನ್ನದಂತೋಳು ಕಣ್ ದೊಡ್ಡವ್ವ. ಆದ್ರೆ ಅವ್ಳು ನನ್ನ ನಿಮ್ಮನೆ ಸೊಸೆ ಅಂದ್ಕೊಂಡು ಒಂದು ಮಾತು ಕೇಳುದ್ಲು. ನಂಗೆ ಉತ್ತರ ಗೊತ್ತಿರ್ನಿಲ್ಲ. ನೀವೇ ಏಳ್ಬೇಕು. ನಿಮ್ಮ ಮಗ ಕುಡೀತಾನಾ, ಎಂಡ್ರಿಗೆ ಒಡೆಯೋನಾ, ಅಂತ."

ಹೇಳಿದ ಮೇಲೆ ನನಗೇ ಭಯವಾಯಿತು. ಗಂಡಿನ ಕಡೆಯವರನ್ನು ಯಾರು ಹೀಗೆ ಕೇಳುತ್ತಾರೆ! ಮಾದೇಗೌಡರು ಕಣ್ಣು ಮುಚ್ಚಿಕೊಂಡರು. ಅಣ್ಣ, "ಏನಮ್ಮಾ, ನಾಲಿಗೆ..." ಎಂದು ಶುರುಮಾಡಿದ. ತಾಯಿ ಅವನ ಕಡೆ ತಿರುಗಿದಳು.

"ಸುಮ್ಕಿರಣ್ಣ. ನನ್ನ ಕೊಡೋವಾಗ ನೀನು ಈ ಒಂದು ಮಾತು ಕೇಳಿದ್ರೆ ಆಗಿತ್ತಲ್ಲ."

ಅಣ್ಣ ಎತ್ತುಗಳ ಕಡೆ ಹೋದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನನಗೆ ಹೇಳಿದಳು: "ನನ್ ಮಗ ಕುಡಿಯಾಕಿಲ್ಲ. ಕೈ ಎತ್ತಾಕಿಲ್ಲ. ಅವರಪ್ಪ ಎತ್ತಿದ್ದನ್ನ ನೋಡಿ ನೋಡಿ ಬೆಳೆದವ್ನೆ. ಒಂದ್ವೇಳೆ ಎತ್ತುದ್ರೆ ಮೊದ್ಲು ನನ್ನ ದಾಟ್ಕೊಂಡು ಓಗ್ಬೇಕು ಅಂತ ಆ ಮಗೀಗೆ ಏಳು."

"ನೀವೇ ಬಂದು ಏಳಿ ದೊಡ್ಡವ್ವ" ಎಂದೆ.

ಅವಳು ಎದ್ದು ಗಾಡಿ ಹತ್ತಿದಳು. ಅಣ್ಣ ಎತ್ತು ತಿರುಗಿಸಿದ. ಮಾದೇಗೌಡರ ಮನೆಯಲ್ಲಿ ಆಕೆ ಹಜಾರದಲ್ಲಿ ಕೂರಲಿಲ್ಲ. ನೇರವಾಗಿ ಅಡಿಗೆಮನೆಗೆ ಹೋಗಿ, ನಿಂಗಿಯನ್ನೂ ಅವಳ ಅಕ್ಕನನ್ನೂ ಎದುರಿಗೆ ಕೂರಿಸಿಕೊಂಡು ಮಾತಾಡಿದಳು. ಏನು ಮಾತಾಡಿದರೆಂದು ತಿಳಿಯಲು ನಾನು ಗೋಡೆಗೆ ಕಿವಿ ಕೊಟ್ಟೆ, ಕೇಳಿಸಲಿಲ್ಲ. ಆಮೇಲೆ ಒಳಗಿನಿಂದ, "ಅಣ್ಣಾ, ಎಲೆಗೆ ಬಾ" ಎಂದು ಆಕೆ ಕೂಗಿದ್ದು ಮಾತ್ರ ಎಲ್ಲರಿಗೂ ಕೇಳಿಸಿತು.

ಅತ್ತ ನಮ್ಮ ದೊಡ್ಡಮ್ಮ ಅಡಿಗೆ ಮಾಡಿಟ್ಟುಕೊಂಡು ಕಾದಿದ್ದರು. "ನನ್ನ ತಂಗಿ ಮಗನಿಗೆ ನನ್ನ ಮನೆ ಸಿಕ್ಕದಂಗಾಯ್ತಾ!" ಎಂದು ಬೈದು, ಇಬ್ಬರಿಗೂ ಮತ್ತೆ ಬಡಿಸಿದರು. ಹೊಟ್ಟೆ ಬಿರಿಯುವಂತಿದ್ದರೂ ಉಂಡೆವು. ನಿಂಗಿಯ ಮದುವೆ ಆಷಾಢಕ್ಕೆ ಮೊದಲೇ ಆಯಿತು. ನಾವು ಹೆಣ್ಣಿನ ಕಡೆಯವರಾಗಿ ಹೋಗಿದ್ದೆವು, ಈಗಲೂ ಆ ಮನೆಯವರು ನನಗೆ ನೆಂಟರೇ. ಹುಣಸೂರಿನ ಖಾಸಿಂ ಈ ಕತೆ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದ.

ಆದರೆ ನಾನು ಯಾರಿಗೂ ಹೇಳದಿದ್ದದ್ದು ಮಾರನೆಯ ಬೆಳಗಿನ ಮಾತು. ಪಿರಿಯಾಪಟ್ಟಣದ ದಾರಿ ಹಿಡಿದಿದ್ದೆವು. ನಾನು ಹಿಂದೆ ಕುಳಿತಿದ್ದೆ. ನಮ್ಮವರು ಎತ್ತುಗಳ ಕಡೆ ನೋಡಿಕೊಂಡೇ ಕೇಳಿದರು:

"ನನ್ನ ಇಸ್ಯ ನೀನು ಯಾರ್ನಾರ ಅಂಗೆ ಕೇಳಿದ್ಯಾ?"

"ಯಾರ್ನ ಕೇಳ್ಲಿ? ನಮ್ಮಪ್ಪ ಗದ್ದೆ ಎಷ್ಟು ಅಂದ್ರು. ನಮ್ಮವ್ವ ನೀರು ಎಷ್ಟು ದೂರ ಅಂದ್ಲು."

ಆಮೇಲೆ ಅವರು ಗಾಡಿ ನಿಲ್ಲಿಸಿ ನನ್ನ ಕಡೆ ತಿರುಗಿ ಕುಳಿತರು.

"ಈಗ ಕೇಳು" ಎಂದರು.

ಜಗತ್ತನ್ನೆಲ್ಲ ಕೇಳುವ ನನ್ನ ಬಾಯಿ ಆ ಗಳಿಗೆಯಲ್ಲಿ ಕಟ್ಟಿಹೋಯಿತು. ಕೊನೆಗೆ ನಿಂಗಿ ಕೇಳಿದ್ದನ್ನೇ ಕೇಳಿದೆ. ಅವರು ಹುಬ್ಬು ಗಂಟಿಕ್ಕಲಿಲ್ಲ, ನಗಲಿಲ್ಲ. ನನ್ನ ಕಣ್ಣು ನೋಡಿ, "ಇಲ್ಲ. ಎಂದೂ ಇಲ್ಲ" ಎಂದರು. ಈಗ ಅವರಿಲ್ಲ. ನಲವತ್ತು ವರ್ಷ ಜೊತೆಯಲ್ಲಿ ಬಾಳಿದೆವು, ಅಂದು ಹೇಳಿದ ಆ ಮಾತಿಗೆ ಅವರು ಒಂದು ದಿನವೂ ತಪ್ಪಲಿಲ್ಲ.