ಇಲಿ ವಾರದ ಹಸಿರು ಸೀರೆ

ಬನಹಟ್ಟಿಯ ನಮ್ಮ ಮನೆಯಲ್ಲಿ ಇಲಿಗೂ ನಮಗೂ ವರ್ಷವಿಡೀ ಜಗಳ. ನೂಲಿರುವ ಮನೆಯಲ್ಲಿ ಇಲಿ ಇರದೆ ಆನೆ ಇರುತ್ತದೆಯೇ ಎಂದು ಅಪ್ಪ ನಗುತ್ತಿದ್ದರೂ, ಸಂಜೆ ತಪ್ಪದೆ ಬೋನಿಗೆ ಮೆಣಸಿನಕಾಯಿ ಭಜಿ ಸಿಕ್ಕಿಸುವವನು ಅವನೇ. ಇಲಿ ಮಾತ್ರ ಭಜಿಯನ್ನು ಮೂಸಿಯೂ ನೋಡದೆ ನೂಲಿನ ಚೀಲಕ್ಕೇ ಹೋಗುತ್ತಿತ್ತು.

ಈ ಜಗಳಕ್ಕೆ ವರ್ಷದಲ್ಲಿ ಒಂದೇ ದಿನ ರಜೆ. ಗಣೇಶ ಚೌತಿಯ ಮರುದಿನ ನಮ್ಮಲ್ಲಿ ಇಲಿ ವಾರ. ಅಂದು ಮಗ್ಗ ನಡೆಯುವುದಿಲ್ಲ, ಕತ್ತರಿ ಸೂಜಿ ಮುಟ್ಟುವುದಿಲ್ಲ, ಬೋನು ಮಾಳಿಗೆ ಸೇರುತ್ತದೆ. ಅವ್ವ ಮಗ್ಗಕ್ಕೆ ಕುಂಕುಮ ಹಚ್ಚಿ, ಮೂಲೆಯಲ್ಲಿ ಕಡುಬು ಇಟ್ಟು, ನೂಲು ಕಡಿಯಬೇಡಪ್ಪ ಎಂದು ಕೈಮುಗಿಯುತ್ತಾಳೆ. ನಾನು ಸಣ್ಣವಳಿದ್ದಾಗಿನಿಂದ ಇದಕ್ಕೆ ನಗುತ್ತ ಬಂದವಳು. ಮಗ್ಗದ ಖಟಪಟಕ್ಕೆ ಹೆದರಿ ದೂರವಿರುವ ಪ್ರಾಣಿಯನ್ನು, ಸದ್ದು ನಿಲ್ಲಿಸಿ, ಊಟ ಇಟ್ಟು, ಕರೆದು ಕೂಡಿಸುವವರು ನಮ್ಮನ್ನು ಬಿಟ್ಟರೆ ಬೇರೆ ಯಾರೂ ಇರಲಿಕ್ಕಿಲ್ಲ.

ಹೋದ ವರ್ಷದ ಚೌತಿಗೆ ತವರಿಗೆ ಬಂದಾಗ ನಾನು ಏಳು ತಿಂಗಳ ಬಸುರಿ. ನನ್ನ ಗಂಡನ ಮನೆ ಮುಧೋಳದಲ್ಲಿ. ಅಲ್ಲಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಹಬ್ಬದ ಮುಂದಿನ ವಾರವೇ ಅತ್ತೆಯ ಮನೆಯಲ್ಲಿ ನನ್ನ ಕುಬಸ ಇತ್ತು. ಬಸುರಿಯ ಆ ಶಾಸ್ತ್ರಕ್ಕೆ ತವರಿನವರು ಹಸಿರು ಸೀರೆ ಒಯ್ಯಬೇಕು. ಅದನ್ನು ತಾನೇ ನೇಯುತ್ತೇನೆ ಎಂದು ಅಪ್ಪ ಹಟ ಹಿಡಿದಿದ್ದ. ಪವರ್‌ಲೂಮುಗಳನ್ನು ಮಾರಿ ವರ್ಷಗಳಾಗಿದ್ದವು. ಪಡಸಾಲೆಯಲ್ಲಿ ಅಜ್ಜನ ಕಾಲದ ಕೈಮಗ್ಗ ಒಂದೇ ಉಳಿದಿತ್ತು. ಅಪ್ಪನ ಬಲಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ, ಕಣ್ಣೂ ಮಂದವಾಗಿತ್ತು.

"ಇದೊಂದು ನೇಯತೇನಿ, ಆಮ್ಯಾಲ ಮಗ್ಗ ಬಿಚ್ಚಿಡೂಣು," ಎಂದಿದ್ದ. ಅದು ಅವನ ಕೊನೆಯ ಸೀರೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಚೌತಿಯ ಹೊತ್ತಿಗೆ ಅರ್ಧ ಸೀರೆ ಆಗಿತ್ತು. ಇಲಿ ವಾರ ಎಂದಿನಂತೆ ಕಳೆಯಿತು. ಮರುದಿನ ಮುಂಜಾನೆ ಚಹಾ ಕುಡಿದು ಅಪ್ಪ ಮಗ್ಗಕ್ಕೆ ಕೂತ. ಬಹಳ ಹೊತ್ತಾದರೂ ಲಾಳಿಯ ಸದ್ದು ಕೇಳಿಸಲಿಲ್ಲ. ಹೋಗಿ ನೋಡಿದರೆ, ಮಗ್ಗಕ್ಕೆ ಉದ್ದಕ್ಕೆ ಬಿಗಿದ, ಇನ್ನೂ ನೇಯದ ಹಾಸುನೂಲಿನಲ್ಲಿ ಎಡಗಡೆಯ ಅಂಚಿನ ಪಕ್ಕ ಅಂಗೈಯಗಲ ಎಳೆಗಳು ಕಡಿದು ಜೋತುಬಿದ್ದಿದ್ದವು. ಕಡುಬು ಇಟ್ಟಲ್ಲೇ ಒಣಗಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. "ಇನ್ನೂ ನಾಕ ಕಡಬ ಇಡಬೇಕಿತ್ತ ಬೇ ಯವ್ವಾ," ಎಂದೆ. ಅವ್ವನ ಕಿವಿಗೆ ನನ್ನ ಕುಹಕ ಬೀಳಲೇ ಇಲ್ಲ. ಅವಳ ಮುಖ ಕಪ್ಪಿಟ್ಟಿತ್ತು. ಇಲಿ ಕಡಿದದ್ದನ್ನು ಬಸುರಿಗೆ ಉಡಿಸಬಾರದು ಎನ್ನುವುದೊಂದೇ ಅವಳ ತಲೆಯಲ್ಲಿ.

"ಅಂಗಡ್ಯಾಗಿಂದ ಒಂದ ಹಸರ ಸೀರಿ ತಂದಬಿಡೂಣ್ರಿ. ಇದು ಬ್ಯಾಡ," ಎಂದಳು ಅಪ್ಪನಿಗೆ.

ಅಪ್ಪ "ಹೂಂ" ಎಂದು ಲಾಳಿಯನ್ನು ಎತ್ತಿ ಕಿಟಕಿಯಲ್ಲಿಟ್ಟ. ಅವನು ಜಗಳಾಡಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಆ ಸಿಟ್ಟಿನಲ್ಲೇ ಇಲಿ ಹುಡುಕಲು ಹೊರಟೆ. ಬಗ್ಗಲು ಬಾರದ ಹೊಟ್ಟೆ ಹೊತ್ತು ಕಸಬರಿಗೆ ಹಿಡಿದ ನಾನು, ಹಿಂದೆ ಬೇಡ ಬೇಡ ಎನ್ನುತ್ತ ಅವ್ವ. ಮಗ್ಗದ ಕಾಲ ಬಳಿಯಿದ್ದ ಹಳೆಯ ನೂಲಿನ ಚೀಲ ಸರಿಸಿದಾಗ ಇಲಿಯೊಂದು ಸರಕ್ಕನೆ ಓಡಿ ಗೋಡೆಯ ಸಂದಿ ಸೇರಿತು. ಚೀಲದ ಹಿಂದೆ ಹಸಿರು ನೂಲಿನದೊಂದು ಗೂಡು. ಅದರಲ್ಲಿ ಕಣ್ಣು ಬಿಡದ, ಕೂದಲಿಲ್ಲದ, ಶೇಂಗಾಕಾಯಿಯಷ್ಟಿದ್ದ ಕೆಂಪು ಮರಿಗಳು ಒಂದರ ಮೇಲೊಂದು ಹೊರಳಾಡುತ್ತಿದ್ದವು.

ಅಪ್ಪ ಕಸದ ಬುಟ್ಟಿ ತಂದ. ಮರಿ ಸಿಕ್ಕರೆ ಹೊರಗೆ ಬೇಲಿಗೆ ಎಸೆಯುವುದು ನಮ್ಮ ಮನೆಯ ರೂಢಿ. ಅವ್ವ ಅಡ್ಡ ಬಂದಳು. ಬಗ್ಗಿ ಗೂಡನ್ನು ನೋಡಿದಳು, ಆಮೇಲೆ ನನ್ನ ಹೊಟ್ಟೆಯನ್ನು ನೋಡಿದಳು.

"ಅದಕ್ಕ ದಿನ ತುಂಬಿದ್ದುವು, ಪಾಪ. ಕಡಬ ತಗೊಂಡ ಏನ ಮಾಡೀತ್ರಿ ಅದು? ಹಾಸಗಿ ಬೇಕಾಗಿತ್ತು." ಅಪ್ಪನ ಕಡೆ ತಿರುಗಿ, "ಬಾಣಂತಿ ಒಯ್ದದ್ದು ಕೆಟ್ಟದ್ದಲ್ಲ ಬಿಡ್ರಿ. ಎಳಿ ಕೂಡಸ್ರಿ," ಎಂದಳು.

ಗಣಿತ ಕಲಿಸುವ ನನಗೆ ಈ ಲೆಕ್ಕ ಹೇಗೆ ಸರಿಹೋಯಿತೋ ಇವತ್ತಿಗೂ ತಿಳಿದಿಲ್ಲ. ಆದರೆ ನನಗೆ ಬಹಳ ಖುಷಿಯಾಯಿತು, ಕಣ್ಣಲ್ಲಿ ನೀರೂ ಬಂತು. ಅಪ್ಪ ಬುಟ್ಟಿ ಕೆಳಗಿಟ್ಟು ಕನ್ನಡಕ ಹುಡುಕಿದ.

ಆ ದಿನವೆಲ್ಲ ಅವನು ಕಡಿದ ಎಳೆಗಳಿಗೆ ನೂಲು ಕೂಡಿಸಿದ. ತುದಿ ಕಾಣಿಸದಿದ್ದಾಗ ನಾನು ಹಿಡಿದುಕೊಡುತ್ತಿದ್ದೆ. ಗಂಟು ಮಾತ್ರ ಅವನೇ ಹಾಕಬೇಕು. ಚೀಲವನ್ನು ಅವ್ವ ಮೊದಲಿದ್ದ ಜಾಗಕ್ಕೇ ಸರಿಸಿದ್ದಳು. ಮರುದಿನ ನೇಯ್ಗೆ ಮತ್ತೆ ಶುರುವಾದಾಗ, ಮಗ್ಗದ ಸದ್ದಿಗೆ ಇಲಿ ಹೆದರುತ್ತದೆ ಎಂಬ ನನ್ನ ಜಾಣತನವೂ ಸುಳ್ಳಾಯಿತು. ಆ ಖಟಪಟದ ನಡುವೆಯೇ ತಾಯಿ ಇಲಿ ನಮ್ಮೆದುರೇ ಬಂದುಹೋಗಿ ಮಾಡುತ್ತಿತ್ತು. ಬೋನು ಮಾಳಿಗೆಯಿಂದ ಇಳಿಯಲಿಲ್ಲ.

ಕುಬಸದ ದಿನ ಆ ಸೀರೆ ಉಟ್ಟು, ಹಸಿರು ಬಳೆ ತೊಟ್ಟು ಕೂತೆ. ಮುಧೋಳದ ಹೆಂಗಸರು ಸೆರಗು ಹಿಡಿದು ಹಿಡಿದು ನೋಡಿದರು, ಅಂಚು ಹೊಗಳಿದರು. ಗಂಟು ಯಾರಿಗೂ ಕಾಣಲಿಲ್ಲ. ಅವು ಮೇಲಂಚಿನ ಪಕ್ಕ, ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಕಡೆ ಬಂದಿದ್ದವು. ಆರತಿಯ ಹೊತ್ತಿನಲ್ಲಿ ಗಂಡಸರ ಜೊತೆ ಹೊರಗೆ ಕೂತಿದ್ದ ಅಪ್ಪ, ಊಟವಾದ ಮೇಲೆ ಬಾಗಿಲಿಗೆ ಬಂದು ನನ್ನನ್ನು ಕರೆದ.

"ಗಂಟ ಚುಚ್ಚತಾವೇನ ಯವ್ವಾ?"

"ಇಲ್ಲಪಾ."

"ಎಡಕ್ಕ, ನಡದ ಹತ್ರ. ಚುಚ್ಚಬೇಕಲಾ ಅವು."

ಅವನೆದುರು ಸುಳ್ಳು ನಿಲ್ಲಲಿಲ್ಲ. "ಸ್ವಲ್ಪ ಚುಚ್ಚತಾವ. ಇರ್ಲಿ ಬಿಡು, ನೀ ಹಾಕಿದ್ದು," ಎಂದೆ. ಅವನು ಮುಖ ಆಚೆ ತಿರುಗಿಸಿದ. ನನಗೂ ಬೇರೆ ಮಾತು ಬೇಕಾಗಿತ್ತು.

"ಮಗ್ಗ ಬಿಚ್ಚಿದಿ?"

"ಬಿಚ್ಚೂದಿತ್ತು," ಎಂದ ಅಪ್ಪ. "ಮರಿ ಇನ್ನಾ ಕಣ್ಣ ತೆರದಿಲ್ಲ. ನೋಡೂಣು."