ಐದಡಿ ಸರಿಸಿದ ಹೊಂಗೆ

ನನ್ನ ಅಂಗಡಿಯ ಮುಂದಿರುವ ಹೊಂಗೆ ಸಸಿಗೆ ನನಗಾದ ಖರ್ಚು ಒಂದು ಗೊನೆ ಏಲಕ್ಕಿ ಬಾಳೆ. ಸಸಿ ಪುಕ್ಕಟೆ. ಗೊನೆ ಕೊಟ್ಟದ್ದು, ಅದನ್ನು ಅಲ್ಲಿ ನೆಡಬೇಡಿ ಎಂದು.

ಗುಂಡ್ಲುಪೇಟೆಯಲ್ಲಿ ನನ್ನದು ಪಾತ್ರೆ ಅಂಗಡಿ. ಹಂಗಳದ ಕಡೆಯ ಊರೂರಿಗೆ ಸೈಕಲ್ ಮೇಲೆ ಪಾತ್ರೆ ಹೇರಿಕೊಂಡು ಹೋಗಿ ಮಾರಿ, ಕೊನೆಗೆ ಬಾಗಿಲಿರುವ ಅಂಗಡಿ ಕಂಡವನು ನಾನು. ಈಚೆಗೆ ಅದಕ್ಕೊಂದು ಹೊಸ ಬೋರ್ಡು ಬರೆಸಿದೆ. ಬಸ್ಸಿನಲ್ಲಿ ಹೋಗುವವರೂ ನನ್ನ ಹೆಸರು ಓದಬೇಕು, ಅಷ್ಟು ದಪ್ಪ ಅಕ್ಷರ. ಬಣ್ಣ ಆರುವ ಮೊದಲೇ ಸಿದ್ದರಾಜು ಬಂದ.

ಸಿದ್ದರಾಜು ಬೀದಿಬದಿ ಗಿಡ ನೆಡುವ ಗುತ್ತಿಗೆದಾರರ ಕಡೆಯವನು. ಕೈಯಲ್ಲಿ ಮೂವತ್ತಡಿ ಹಗ್ಗ, ಒಂದು ಡಬ್ಬ ಸುಣ್ಣದ ಪುಡಿ. ಗಿಡದಿಂದ ಗಿಡಕ್ಕೆ ಮೂವತ್ತಡಿ ಇರಬೇಕು ಎಂಬುದು ನಿಯಮ. ಬೀದಿಯ ಉತ್ತರದ ತುದಿಯಿಂದ ಅಳೆಯುತ್ತ ಬಂದವನು ನನ್ನ ಬೋರ್ಡಿನ ನಟ್ಟನಡುವಿಗೆ ಸರಿಯಾಗಿ ನೆಲದ ಮೇಲೆ ಬಿಳಿ ಸುತ್ತು ಹಾಕಿದ. ಸ್ಕೂಲಿನಲ್ಲಿ ಮೇಷ್ಟ್ರು ನನ್ನ ಹೆಸರಿನ ಮುಂದೆ ಬರೆಯುತ್ತಿದ್ದ ಸೊನ್ನೆ ನೆನಪಾಯಿತು.

"ಸಿದ್ದರಾಜು, ಐದಡಿ ಆ ಕಡೀಕೆ ಸರ್ಸಪ್ಪ," ಎಂದೆ.

"ಸರುಸ್ಬೋದು ಸಾವ್ಕಾರ್ರೆ. ಆದ್ರೆ ಒಂದ ಸರ್ಸುದ್ರೆ ಎಲ್ಲಾನೂವೆ ಸರ್ಸ್ಬೇಕು."

"ಸರ್ಸು. ಬೀದಿ ಏನು ಓಡೋಗ್ತದಾ?"

ಗೊನೆ ಕೈ ಬದಲಾಯಿಸಿತು. ಇಡೀ ಸಾಲು ದಕ್ಷಿಣಕ್ಕೆ ಐದಡಿ ಜರುಗಿತು. ಈಗ ಆ ಕಡೆ ಟೈಲರ್ ಮಾದಪ್ಪನ ಬಾಗಿಲಿಗೇ ಒಂದು ಸುತ್ತು ಬಂತು.

"ಏನ್ಲಾ ಸಿದ್ದ, ಬಟ್ಟೆ ಒಲ್ಸಕ್ಕೆ ಬರೋರು ಮರ ಅತ್ಕಂಡು ಇಳ್ದು ಒಳೀಕೆ ಬರ್ಬೇಕಾ?" ಎಂದು ಮಾದಪ್ಪ ಎರಡು ಎಳನೀರು ಕೊಚ್ಚಿಕೊಟ್ಟ. ಮತ್ತೆ ಐದಡಿ. ಆಮೇಲೆ ಚಪ್ಪಲಿ ಅಂಗಡಿ, ಮೊಬೈಲ್ ಅಂಗಡಿ, ಹೀಗೆ ನನ್ನ ನಂತರ ಐದು ಜನ ಸಿದ್ದರಾಜುವನ್ನು ಕರೆದು ಉಪಚರಿಸಿದರು. ಪ್ರತಿ ಸಲವೂ ಐದೈದಡಿ. ಗಲ್ಲಾದಲ್ಲಿ ಕೂತು ಅವರ ಸ್ವಾರ್ಥ ನೋಡಿ ನನಗೆ ಬೇಸರವೇ ಆಯಿತು.

ಹಿಂದೆ ಚಕ್ರವರ್ತಿಗಳು ದಾರಿಯ ಎರಡೂ ಬದಿ ಸಾಲುಮರ ನೆಡಿಸಿದರೆಂದು ಓದಿ ನಾವೆಲ್ಲ ಅಂಕ ಗಳಿಸಿದವರೇ. ಅವರಿಗೆ ಅದು ಸಲೀಸಾದದ್ದು ಹೇಗೆ ಎಂದು ಮಾತ್ರ ಯಾರೂ ಕೇಳಲಿಲ್ಲ. ದಾರಿಬದಿ ಅಂಗಡಿಗಳಿರಲಿಲ್ಲ, ಇದ್ದರೂ ಬೋರ್ಡುಗಳಿರಲಿಲ್ಲ. ಇವತ್ತು ಅಂಥ ಚಕ್ರವರ್ತಿ ನಮ್ಮ ಬೀದಿಗೆ ಬಂದರೆ, ಎಳನೀರು ಕುಡಿದು ಕುಡಿದೇ ಸುಸ್ತಾಗುತ್ತಾನೆ.

ಮಧ್ಯಾಹ್ನ ಊಟ ತಂದ ನನ್ನ ಹೆಂಡತಿ ನಂಜಮ್ಮ ಬಾಗಿಲಲ್ಲೇ ನಿಂತಳು. ಬೋರ್ಡು ನೋಡಿದಳು, ನೆಲ ನೋಡಿದಳು.

"ಇದೇನು, ಸುಣ್ಣದ ಗುರ್ತು ಬೋರ್ಡ್ ನಟ್ಟನಡುವ್ಕೇ ಅದಲ್ಲ?"

ಎದ್ದು ಬಂದು ನೋಡಿದೆ. ಸೊನ್ನೆ ಬೆಳಿಗ್ಗೆ ಇದ್ದಲ್ಲೇ ಇತ್ತು. ನಡೆದದ್ದನ್ನೆಲ್ಲ ಹೇಳಿದೆ. ಅವಳು ಬೆರಳು ಮಡಚಿದಳು.

"ಆರ್ ಜನ, ತಲಾ ಐದಡಿ, ಮೂವತ್ತಾಯ್ತು. ನಿಮ್ದು ಮುಂದಕ್ಕೋಯ್ತು, ಬಡಗ್ಲ ಬೇಕ್ರಿ ಮುಂದ್ಲದು ನಡ್ಕಂಡು ನಿಮ್ಮಂತಾಕ್ ಬಂತು. ಚುಕ್ಕಿ ಇಟ್ಟು ರಂಗೋಲಿ ಬುಡೋರ್ನ ಒಂದ್ ಮಾತು ಕೇಳಿದ್ರೆ ಗೊನೆನಾರ ಉಳೀತಿತ್ತು."

ನಾನು ಸಿದ್ದರಾಜುವನ್ನು ಹುಡುಕಿಕೊಂಡು ಹೋದೆ. ಗುಂಡಿ ತೋಡುವವರ ಜೊತೆ ಕೂತು ಬಾಳೆಹಣ್ಣು ತಿನ್ನುತ್ತಿದ್ದ.

"ಗುಂಡಿ ತೋಡಾಯ್ತು ಸಾವ್ಕಾರ್ರೆ. ಒಂದ್ ಅಣ್ಣು ತಕ್ಕಳಿ, ಬೋ ರುಚಿಯಾಗದೆ."

ತೆಗೆದುಕೊಂಡೆ. ರುಚಿಯಾಗಿಯೇ ಇತ್ತು.

ಸಸಿ ಬಂತು, ನೆಟ್ಟರು. ಹೆಸರು ಮುಚ್ಚಿಹೋಗುವ ದಿನ ನೆನೆದು ನಾನು ವಾರವಿಡೀ ಮಂಕಾಗಿದ್ದೆ. ಬಿಟ್ಟುಹೋದ ಒಂದು ಒತ್ತಕ್ಷರ ತಿದ್ದಲು ಬಂದ ಪೇಂಟರು ಸಸಿಯನ್ನು ನೋಡಿ, "ನೀವು ಪುಣ್ಯವಂತ್ರು ಬುಡಿ. ಬೋರ್ಡಿನ ಈ ಕೆಂಪು ಬಣ್ಣ ಬಿಸ್ಲಿಗೆ ಎಲ್ಡ್ ವರ್ಸಕ್ಕೆ ಬೆಳ್ಳಗಾಯ್ತದೆ. ನೆಳ್ಳಿದ್ರೆ ಐದ್ ವರ್ಸ ಮೋಸಿಲ್ಲ. ಕೆಳ್ಗಡೆ ಕೊಂಬೆ ಸವರ್ತಾ ಬಂದ್ರೆ ಎಸ್ರೂ ಕಾಣ್ತದೆ," ಎಂದ. ಆಜನ್ಮ ಚೌಕಾಸಿಯಲ್ಲಿ ಬದುಕಿದವನು, ನನ್ನ ಲಾಭವನ್ನೇ ದೂರ ಸರಿಸಲು ಗೊನೆ ಕೊಟ್ಟಿದ್ದೆ.

ಆದ್ದರಿಂದ ನಿಮಗೆ ಹೇಳುವುದು ಇಷ್ಟೇ. ಹಗ್ಗ ಹಿಡಿದವನು ನಿಮ್ಮ ಬೀದಿಗೆ ಬಂದಾಗ ಮೊದಲು ತಲೆ ಎತ್ತಿ ಕರೆಂಟ್ ತಂತಿ ನೋಡಿ, ಆಮೇಲೆ ನಲ್ಲಿ ಪೈಪು ಎಲ್ಲಿದೆಯೆಂದು ನೋಡಿ. ಎರಡೂ ಅಡ್ಡವಿಲ್ಲದಿದ್ದರೆ ಸುಮ್ಮನಿರಿ. ಬಾಯಿ ತೆರೆಯಲೇಬೇಕೆಂದಿದ್ದರೆ ಎಲ್ಲರೂ ಸರಿಸಿ ಮುಗಿಸಿದ ಮೇಲೆ ಕೊನೆಯವರಾಗಿ ತೆರೆಯಿರಿ. ಸಸಿ ನಿಮ್ಮ ಪಾಲಿಗೆ ಬಂದರೆ ದಿನಕ್ಕೊಂದು ಬಿಂದಿಗೆ ನೀರು ಹಾಕಿ. ಬೋರ್ಡಿನ ಬಣ್ಣದ ಗುಟ್ಟನ್ನು ಮಾತ್ರ ನಮ್ಮ ಮಾದಪ್ಪನ ಕಿವಿಗೆ ಹಾಕಬೇಡಿ. ಐದಡಿ ತನ್ನ ಕಡೆಗೆ ಸರಿಸು ಎಂದು ಎಳನೀರು ಹಿಡಿದು ನಿಂತಾನು.